ಸಂವಿಧಾನ ಅಡ್ಡ ಬಂದಿದೆ ಅಂದುಕೊಂಡಿದ್ದ ಚಿಕ್ಕಪ್ಪ

ಚಿಕ್ಕಪ್ಪನ ಕಪ್ಪು ಟ್ರಂಕು ಸತ್ತೇಗಾಲದ ನಮ್ಮ ಮನೆಯಲ್ಲಿ, ಅಜ್ಜಿಯ ಮಂಚದ ಕೆಳಗೆ ಇಪ್ಪತ್ತು ವರ್ಷ ಇತ್ತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವರ ಸೇನೆಯ ನಂಬರು. ಮಕ್ಕಳು ಅದನ್ನ ಮುಟ್ಟೋ ಹಾಗೇ ಇರಲಿಲ್ಲ. 2018ರ ದೀಪಾವಳಿಗೆ ನಾನು ಬೆಂಗಳೂರಿನಿಂದ ಊರಿಗೆ ಹೋಗಿದ್ದಾಗ, ಟ್ರಂಕಿನೊಳಗೆ ಇಲಿ ಸೇರಿಕೊಂಡಿದೆ ಅಂತ ಅಜ್ಜಿ ಗಲಾಟೆ ಮಾಡಿದ್ರು. ಹೊರಗೆಳೆದು ತೆಗೆದೆವು. ಇಲಿ ಸಿಗಲಿಲ್ಲ. ಒಂದು ಉಣ್ಣೆ ಜರ್ಸಿ, ದಾರ ಕಟ್ಟಿದ್ದ ಇನ್‌ಲ್ಯಾಂಡ್ ಲೆಟರುಗಳು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ನಾಲ್ಕು ಹಾಳೆ ಸಿಕ್ಕವು.

ಆ ನಾಲ್ಕು ಹಾಳೆಯನ್ನ ಮೊಬೈಲ್ ಟಾರ್ಚಿನ ಬೆಳಕಲ್ಲಿ ಓದಿದೆ. ಸೇನೆಯ ಮೆಡಿಕಲ್ ಬೋರ್ಡ್ 1997ರಲ್ಲಿ ಬರೆದದ್ದು ಎರಡು ಹಾಳೆ. ಡಿಸ್ಚಾರ್ಜ್ ಪತ್ರ ಒಂದು. ಅಂಗವೈಕಲ್ಯ ಪಿಂಚಣಿ ಕೊಡಲಾಗುವುದಿಲ್ಲ ಅಂತ 1998ರಲ್ಲಿ ಬಂದ ಕಾಗದ ಇನ್ನೊಂದು.

‘ಇದಕ್ಕೆ ನೀವು ಅಪೀಲು ಹಾಕಲಿಲ್ವಾ ಚಿಕ್ಕಪ್ಪ?’ ಅಂದೆ.

‘ಸಂವಿಧಾನದಲ್ಲಿ ಅವಕಾಶ ಇಲ್ವಂತೆ ಕನ ಕೂಸೇ. ಅದ್ರಲ್ಲೇ ಬರ್ದದಲ್ಲ ನೋಡು.’

ನೋಡಿದೆ. ಬೋರ್ಡಿನವರು ಕಾರಣ ಬರೆಯಬೇಕಾದ ಕಡೆ ಒಂದೇ ಮಾತು ಇತ್ತು: ‘ಕಾನ್‌ಸ್ಟಿಟ್ಯೂಷನಲ್ ಡಿಸಾರ್ಡರ್’. ಆ ಕಾಲಕ್ಕೆ ಹ್ಯಾಂಡ್‌ಪೋಸ್ಟಿನಲ್ಲಿ ಸ್ವಲ್ಪ ಇಂಗ್ಲಿಷ್ ಬಲ್ಲ ಯಾರೋ ಅದನ್ನ ಓದಿ, ‘ಕಾನ್‌ಸ್ಟಿಟ್ಯೂಷನ್ ಅಂದ್ರೆ ಸಂವಿಧಾನ, ಸಂವಿಧಾನದ ಪ್ರಕಾರ ಆಗಲ್ಲ ಅಂತ ಬರೆದಿದ್ದಾರೆ’ ಅಂತ ಹೇಳಿಬಿಟ್ಟಿದ್ದಾರೆ. ‘ಸಂವಿಧಾನಕ್ಕೇ ಎದುರಾಡೋಕಾಯ್ತದಾ?’ ಅಂತ ಚಿಕ್ಕಪ್ಪ ಕಾಗದ ಮಡಚಿ ಟ್ರಂಕಿಗೆ ಹಾಕಿದ್ದಾರೆ.

ವೈದ್ಯರ ಭಾಷೆಯಲ್ಲಿ ಆ ಪದಕ್ಕೆ ಬೇರೆಯೇ ಅರ್ಥ. ಈ ಕಾಯಿಲೆ ಇವನ ದೇಹಪ್ರಕೃತಿಯಲ್ಲೇ ಇತ್ತು, ಸೇನೆಗೂ ಇದಕ್ಕೂ ಸಂಬಂಧ ಇಲ್ಲ ಅಂತ. ಒಂದು ಪದದ ತಪ್ಪು ಅರ್ಥದಿಂದ ಇಪ್ಪತ್ತು ವರ್ಷ ಹೋಗಿತ್ತು.

ನದಿಗೆ ಇಳಿಯದ ಈಜುಗಾರ

ನಮ್ಮೂರಿನ ಪಕ್ಕದಲ್ಲೇ ಕಾವೇರಿ. ಅಲ್ಲಿಂದ ಸ್ವಲ್ಪ ದೂರ ಹೋದರೆ ಶಿವನಸಮುದ್ರ, ಭರಚುಕ್ಕಿ. ಹುಡುಗನಾಗಿದ್ದಾಗ ಚಿಕ್ಕಪ್ಪ ಹೊಳೆಯಲ್ಲಿ ಈಜಿದ ಕಥೆಗಳನ್ನ ಊರಿನವರು ಈಗಲೂ ಹೇಳ್ತಾರೆ. 1989ರಲ್ಲಿ, 19ನೇ ವಯಸ್ಸಿಗೆ ಸೇನೆಗೆ ಸೇರಿದ್ರು. 1995ರ ಚಳಿಗಾಲದಲ್ಲಿ, ರಾತ್ರಿ ಪಹರೆ ಮುಗಿಸಿ ಬಂದ ಮೇಲೆ ಮೊದಲ ಸಲ ಫಿಟ್ಸ್ ಬಂತು. ಆಮೇಲೆ ಇನ್ನೂ ಮೂರು ಸಲ. ಸೇನಾ ಆಸ್ಪತ್ರೆ, ಮಾತ್ರೆ, ಹಗುರ ಕೆಲಸ, ಕೊನೆಗೆ 1997ರಲ್ಲಿ ‘ಬೋರ್ಡ್ ಔಟ್’. ಮೂರ್ಛೆ ರೋಗ, ಅಂಗವೈಕಲ್ಯ ಶೇಕಡ 20, ‘ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ’.

ಜವಾನರಿಗೆ ಸಾಮಾನ್ಯ ಸೇವಾ ಪಿಂಚಣಿ ಬರಬೇಕಾದರೆ 15 ವರ್ಷ ಸೇವೆ ಆಗಬೇಕು. ಚಿಕ್ಕಪ್ಪನದು ಎಂಟು ವರ್ಷ. ಒಂದಿಷ್ಟು ಗ್ರಾಚ್ಯುಟಿ ಕೈಗೆ ಬಂತು, ಅಷ್ಟೇ. ಆ ದುಡ್ಡಲ್ಲಿ ಹ್ಯಾಂಡ್‌ಪೋಸ್ಟಿನಲ್ಲಿ ಪೆಟ್ಟಿಗೆ ಅಂಗಡಿ ಇಟ್ಟರು. ಮದುವೆ ಆಗಲಿಲ್ಲ. ಗಾಡಿ ಓಡಿಸೋ ಹಾಗಿಲ್ಲ, ಒಬ್ಬರೇ ಹೊಳೆಗೆ ಇಳಿಯೋ ಹಾಗಿಲ್ಲ. ಅಂಗಡಿಯಲ್ಲಿ ಬಿದ್ದಾಗ ಕೈಗೆ ಕಬ್ಬಿಣ ಕೊಡೋಕೆ ಓಡಿಬರೋ ಜನ.

‘ಮಾಜಿ ಸೈನಿಕ’ ಅನ್ನೋ ಮಾತೂ ಅವರಿಗೆ ದಕ್ಕಲಿಲ್ಲ. ಅವಧಿಗೆ ಮುಂಚೆ ಕಾಯಿಲೆ ಕಾರಣಕ್ಕೆ ಹೊರಬಂದವರಿಗೆ ಆ ಮಾನ್ಯತೆ ಸಿಗೋದು ಅಂಗವೈಕಲ್ಯ ಪಿಂಚಣಿ ಮಂಜೂರಾದಾಗ. ಆಗಸ್ಟ್ 15ಕ್ಕೆ ಶಾಲೆಯಲ್ಲಿ ಮಾಜಿ ಸೈನಿಕರನ್ನ ವೇದಿಕೆಗೆ ಕರೆದು ಶಾಲು ಹಾಕ್ತಾರಲ್ಲ, ಆಗ ಚಿಕ್ಕಪ್ಪ ಕಾಂಪೌಂಡಿನ ಆಚೆ ನಿಂತು ಸೆಲ್ಯೂಟ್ ಹೊಡೆದು ಅಂಗಡಿಗೆ ಹೋಗ್ತಿದ್ರು.

ಹಳೇ ನಿಯಮದಲ್ಲಿ ಇದ್ದದ್ದೇನು?

ದೀಪಾವಳಿ ಮುಗಿಸಿ ಬೆಂಗಳೂರಿಗೆ ಬರೋವಾಗ ಬಸ್ಸಲ್ಲಿ ಕೂತು ಮೊಬೈಲಲ್ಲೇ ಹುಡುಕೋಕೆ ಶುರು ಮಾಡಿದೆ. ಮಳವಳ್ಳಿ ದಾಟೋ ಹೊತ್ತಿಗೆ ಒಂದು ಹೆಸರು ಸಿಕ್ಕಿತ್ತು: ಧರಂವೀರ್ ಸಿಂಗ್.

ಅವರು 1985ರಲ್ಲಿ ಸೇನೆಯ ಸಿಗ್ನಲ್ಸ್ ವಿಭಾಗಕ್ಕೆ ಸೇರಿದವರು. ಒಂಬತ್ತು ವರ್ಷದ ಸೇವೆಯ ನಂತರ 1994ರಲ್ಲಿ ಮೂರ್ಛೆ ರೋಗದ ಕಾರಣಕ್ಕೆ ಹೊರಹಾಕಲ್ಪಟ್ಟರು. ಅಂಗವೈಕಲ್ಯ ಶೇಕಡ 20. ಮೆಡಿಕಲ್ ಬೋರ್ಡ್ ಬರೆದದ್ದು ಅದೇ: ಸೇವೆಗೆ ಸಂಬಂಧಿಸಿದ್ದಲ್ಲ. ಪಿಂಚಣಿ ಇಲ್ಲ. ಅವರು ಕೋರ್ಟಿಗೆ ಹೋದರು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಹೆಸರು ಬದಲಾಯಿಸಿದರೆ ಚಿಕ್ಕಪ್ಪನ ಕಥೆಯೇ.

ಆ ತೀರ್ಪಿಗೆ ಬುನಾದಿ 1982ರ ಅರ್ಹತಾ ನಿಯಮಗಳು. ಚಿಕ್ಕಪ್ಪ ಹೊರಬಂದ ಕಾಲಕ್ಕೂ ಅವೇ ಜಾರಿಯಲ್ಲಿದ್ದವು. ಸರಳವಾಗಿ ಹೇಳೋದಾದರೆ ಮೂರು ಮಾತು.

ಒಂದು: ಸೇನೆಗೆ ಸೇರಿಸಿಕೊಳ್ಳುವಾಗ ಪರೀಕ್ಷೆ ಮಾಡಿ, ಯಾವ ಕಾಯಿಲೆಯನ್ನೂ ಬರೆದುಕೊಳ್ಳದೆ ಒಳಗೆ ತಗೊಂಡಿದ್ದರೆ, ಆತ ಆರೋಗ್ಯವಾಗಿದ್ದ ಅಂತಲೇ ಭಾವಿಸಬೇಕು. ಆಮೇಲೆ ಕಾಯಿಲೆ ಬಂದು ಹೊರಹೋಗಬೇಕಾದರೆ, ಅದು ಸೇವೆಯಲ್ಲಿ ಬಂದದ್ದು ಅಂತ ಸಾಮಾನ್ಯವಾಗಿ ತಿಳಿಯಬೇಕು.

ಎರಡು: ಸೇರುವಾಗ ಪತ್ತೆಹಚ್ಚೋಕೆ ಸಾಧ್ಯವೇ ಇರಲಿಲ್ಲ ಅಂತ ವೈದ್ಯರು ಹೇಳಬಹುದು. ಆದರೆ ಹಾಗೆ ಹೇಳಿದರೆ ಕಾರಣ ಬರೆಯಬೇಕು.

ಮೂರು: ಸಾಬೀತು ಮಾಡೋ ಹೊಣೆ ಸೈನಿಕನ ಮೇಲಿಲ್ಲ. ನ್ಯಾಯವಾದ ಸಂಶಯ ಉಳಿದರೆ ಅದರ ಲಾಭ ಆತನಿಗೆ.

ಸುಪ್ರೀಂ ಕೋರ್ಟ್ ಧರಂವೀರ್ ಸಿಂಗ್ ಅವರ ಕಾಗದದಲ್ಲಿ ಹುಡುಕಿದ್ದು ಆ ಕಾರಣವನ್ನ. ಕಾರಣ ಇರಲಿಲ್ಲ. ಚಿಕ್ಕಪ್ಪನ ಕಾಗದದಲ್ಲೂ ಇರಲಿಲ್ಲ, ಆ ಒಂದು ಪದ ಬಿಟ್ಟರೆ.

ನಾನು ಗೆದ್ದೇ ಬಿಟ್ಟೆವು ಅಂದುಕೊಂಡೆ. ಅಷ್ಟು ಸುಲಭ ಇರಲಿಲ್ಲ.

ಕಾಗದ ಹುಡುಕುತ್ತಾ

ಮೊದಲು ಬೇಕಾದದ್ದು ಪೂರ್ತಿ ವೈದ್ಯಕೀಯ ದಾಖಲೆ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದೆ. ಸೇರುವಾಗಿನ ಪರೀಕ್ಷೆಯ ವರದಿ ಮತ್ತು ಬೋರ್ಡಿನ ಪೂರ್ತಿ ನಡಾವಳಿಯ ಪ್ರತಿ ಬಂದವು. ಆಸ್ಪತ್ರೆಯ ಒಳರೋಗಿ ದಾಖಲೆಗಳನ್ನ ಕಾಲಾವಧಿ ಮುಗಿದಿದ್ದರಿಂದ ನಾಶ ಮಾಡಲಾಗಿದೆ ಅಂತ ಉತ್ತರ ಬಂತು. ಸೇರುವಾಗಿನ ವರದಿಯಲ್ಲಿ ಎಲ್ಲ ಕಾಲಂನಲ್ಲೂ ‘ಸಹಜ’ ಅಂತಿತ್ತು. ಅದು ನಮಗೆ ದೊಡ್ಡ ಬಲ.

ಎರಡನೇ ಬಲ ಸಿಕ್ಕಿದ್ದು ಇನ್‌ಲ್ಯಾಂಡ್ ಲೆಟರಿನ ಕಟ್ಟಿನಲ್ಲಿ. 1993ರಲ್ಲಿ ಅಜ್ಜಿಗೆ ಬರೆದ ಒಂದು ಕಾಗದದಲ್ಲಿ ಚಿಕ್ಕಪ್ಪ, ಲಾರಿಯಿಂದ ಸಾಮಾನು ಇಳಿಸುವಾಗ ಬಿದ್ದು ತಲೆಗೆ ಪೆಟ್ಟಾಯಿತು, ಐದು ಹೊಲಿಗೆ ಹಾಕಿದ್ದಾರೆ, ಒಂದು ರಾತ್ರಿ ಆಸ್ಪತ್ರೇಲಿ ಇಟ್ಟುಕೊಂಡಿದ್ದರು, ನೀನು ಗಾಬರಿ ಆಗಬೇಡ ಅಂತ ಬರೆದಿದ್ದರು. ಮೇಲೆ ಅಂಚೆಯ ಮುದ್ರೆ, ತಾರೀಕು ಸಮೇತ. ಮೆಡಿಕಲ್ ಬೋರ್ಡಿನ ಹಾಳೆಯಲ್ಲಿ ಈ ಪೆಟ್ಟಿನ ಮಾತೇ ಇರಲಿಲ್ಲ. ‘ಅವ್ರು ಕೇಳ್ಲಿಲ್ಲ, ನಾನು ಏಳ್ಲಿಲ್ಲ’ ಅಂದ್ರು ಚಿಕ್ಕಪ್ಪ.

ತಲೆಗೆ ಪೆಟ್ಟು ಬಿದ್ದ ನಂತರ ಬರುವ ಮೂರ್ಛೆ ರೋಗವನ್ನ ಸೇನೆಯ ನಿಯಮಗಳೇ ಸೇವೆಯ ಪ್ರಭಾವಕ್ಕೆ ಒಳಗಾಗುವ ಕಾಯಿಲೆಗಳ ಪಟ್ಟಿಯಲ್ಲಿ ಇಟ್ಟಿವೆ. ಧರಂವೀರ್ ಸಿಂಗ್ ತೀರ್ಪಿನಲ್ಲೂ ಆ ಪಟ್ಟಿಯ ಪ್ರಸ್ತಾಪ ಇದೆ. ಆ ಇನ್‌ಲ್ಯಾಂಡ್ ಲೆಟರನ್ನ ನಾನು ಬಂಗಾರದ ಹಾಗೆ ಕಾಪಾಡಿದೆ.

ಸಾಲದ್ದಕ್ಕೆ ತಜ್ಞರ ಅಭಿಪ್ರಾಯವೂ ಬೇಕು ಅಂತ ಬೆಂಗಳೂರಿನ ನರರೋಗ ತಜ್ಞರೊಬ್ಬರ ಹತ್ತಿರ ಚಿಕ್ಕಪ್ಪನನ್ನ ಕರೆದುಕೊಂಡು ಹೋದೆ. ಅವರು ಎಲ್ಲಾ ಓದಿ, ಪೆನ್ನು ಕೆಳಗಿಟ್ಟು ಕೇಳಿದ್ರು: ‘ತೀರಾ ಚಿಕ್ಕ ಮಗುವಾಗಿದ್ದಾಗ ಯಾವಾಗಲಾದರೂ ಫಿಟ್ಸ್ ಬಂದಿತ್ತಾ?’

‘ಇಲ್ಲ’ ಅಂದ್ರು ಚಿಕ್ಕಪ್ಪ. ‘ಮನೇಲಿ ಹಿರಿಯರು ಇದ್ದಾರಲ್ಲ, ಒಂದು ಸಲ ಕೇಳಿ’ ಅಂದ್ರು ಡಾಕ್ಟರು.

ಅಜ್ಜಿ ಬಚ್ಚಿಟ್ಟಿದ್ದ ಮಾತು

ಆ ವಾರಾಂತ್ಯ ಊರಿಗೆ ಹೋಗಿ ಕೇಳಿದಾಗ ಅಜ್ಜಿ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು. ಸುಮಾರು ಹೊತ್ತು ಮಾತಾಡಲಿಲ್ಲ.

‘ಎರಡು ವರ್ಷದ ಕೂಸು. ಮೈ ಕೆಂಡದಂಗೆ ಸುಡ್ತಿತ್ತು. ಕಣ್ಣು ಮೇಲಕ್ಕೆ ಹೋಯ್ತು, ಕೈಕಾಲು ಸೆಟೆದೋಯ್ತು. ಕೈಗೆ ಬೀಗದ ಕೈ ಇಟ್ಟು ಎತ್ಕೊಂಡು ಓಡಿದೊ. ಕೊಳ್ಳೇಗಾಲ ಸೇರೊವೊತ್ಗೆ ಸರಿಯಾಗಿತ್ತು. ಆಮೇಲೇ ಮಾದಪ್ಪಂಗೆ ಹರಕೆ ಕಟ್ಕಂಡು ಮಾದಪ್ಪನ ಹೆಸರು ಇಟ್ಟದ್ದು. ಆಮೇಲೆ ಯಾವತ್ತೂ ಬರ್ಲಿಲ್ಲ. ಯಾರ್ಗೂ ಏಳ್ಬ್ಯಾಡ ಕೂಸೇ. ಅವ್ನ ಮಿಲ್ಟ್ರಿಗೆ ಸೇರುಸ್ವಾಗ್ಲೂ ನಾನು ಏಳಿಲ್ಲ. ಅವ್ನಿಗೂ ಗೊತ್ತಿಲ್ಲ.’

ನಮ್ಮ ಮನೆಯಲ್ಲಿ ಮಾದಪ್ಪನ ಹೆಸರು ಯಾಕೆ ಬಂತು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಆ ಹೆಸರೇ ನಮ್ಮ ಕೇಸಿಗೆ ವಿರುದ್ಧ ಸಾಕ್ಷಿ ಆಗಬಹುದಾಗಿತ್ತು. ‘ದೇಹಪ್ರಕೃತಿಯಲ್ಲೇ ಇತ್ತು’ ಅಂತ ಬೋರ್ಡ್ ಬರೆದಿತ್ತಲ್ಲ. ಹೌದಲ್ಲ, ಇತ್ತೇನೋ?

ಸತ್ಯ ಹೇಳಿಬಿಡ್ತೀನಿ. ಆ ರಾತ್ರಿ ನನಗೆ ಬಂದ ಮೊದಲ ಯೋಚನೆ, ಇದನ್ನ ಮುಚ್ಚಿಡೋಣ ಅನ್ನೋದು. ಗೊತ್ತಿರೋದು ಮೂರೇ ಜನಕ್ಕೆ. ಯಾವ ದಾಖಲೆಯಲ್ಲೂ ಇಲ್ಲ. ಇಪ್ಪತ್ತು ವರ್ಷ ಕಾಗದವೇ ಇಲ್ಲದೆ ಸೋತವರು, ಈಗ ಇಲ್ಲದ ಕಾಗದದಿಂದ ಯಾಕೆ ಸೋಲಬೇಕು?

ವಕೀಲರಿಗೆ ಫೋನ್ ಮಾಡಿದೆ. ಅವರು ಸೇನೆಯಲ್ಲಿದ್ದು ನಿವೃತ್ತಿಯಾಗಿ ವಕೀಲಿ ಮಾಡುವವರು. ‘ಪ್ರಮಾಣಪತ್ರಕ್ಕೆ ಸಹಿ ಹಾಕೋದು ನೀವಲ್ಲ, ನಿಮ್ಮ ಚಿಕ್ಕಪ್ಪ. ಅವರನ್ನ ಕೇಳಿ’ ಅಂದ್ರು.

ಚಿಕ್ಕಪ್ಪ ಅಂಗಡಿಯ ಶಟರ್ ಎಳೀತಾ ಇದ್ರು. ಎಲ್ಲಾ ಕೇಳಿಸಿಕೊಂಡು ಒಂದೇ ಮಾತು: ‘ಸುಳ್ ಏಳಿ ತಕ್ಕಂಡ ದುಡ್ಡಲ್ಲಿ ಅವ್ವಂಗೆ ಮಾತ್ರೆ ತರ್ಲಾ? ಬರಿ ಅದ್ನೂ.’

ತಕ್ಕಡಿಯಲ್ಲಿ ಏನೇನಿತ್ತು

ನರರೋಗ ತಜ್ಞರಿಗೆ ಅಜ್ಜಿಯ ಮಾತು, ಇನ್‌ಲ್ಯಾಂಡ್ ಲೆಟರ್, ಹೊಸ ಎಂಆರ್‌ಐ, ಇಇಜಿ ಎಲ್ಲಾ ಕೊಟ್ಟೆವು. ನಾನು ಅವರಿಂದ ಬಯಸಿದ್ದು ‘ಪೆಟ್ಟಿನಿಂದಲೇ ಬಂದದ್ದು’ ಅನ್ನೋ ಒಂದು ಸಾಲು. ಅವರು ಅದನ್ನ ಬರೆಯಲಿಲ್ಲ.

ಅವರು ವಿವರಿಸಿದ್ದು ಹೀಗೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರ ಏರಿದಾಗ ಫಿಟ್ಸ್ ಬರುತ್ತೆ. ಅವರಲ್ಲಿ ಬಹುಪಾಲು ಮಕ್ಕಳಿಗೆ ಮುಂದೆ ಮೂರ್ಛೆ ರೋಗ ಬರೋದಿಲ್ಲ. ಬೇರೆಯವರಿಗಿಂತ ಸಾಧ್ಯತೆ ಸ್ವಲ್ಪ ಹೆಚ್ಚು, ಅಷ್ಟೇ. ಎರಡನೇ ವಯಸ್ಸಿಗೆ ಒಂದು ಸಲ ಬಂದು, ಆಮೇಲೆ 23 ವರ್ಷ ಏನೂ ಇಲ್ಲದೆ, ಸೇನೆಯ ತರಬೇತಿಯನ್ನೂ ಮುಗಿಸಿದವರಲ್ಲಿ ಅದನ್ನೇ ಕಾರಣ ಅನ್ನೋಕೆ ಆಗಲ್ಲ.

ಇನ್ನು ತಲೆಯ ಪೆಟ್ಟು. ತಲೆಗೆ ಪೆಟ್ಟಾದ ಎಷ್ಟೋ ತಿಂಗಳು, ವರ್ಷಗಳ ಮೇಲೆ ಫಿಟ್ಸ್ ಶುರುವಾಗೋದು ಇದೆ. ಆದರೆ ಅದು ಪೆಟ್ಟು ಎಷ್ಟು ಜೋರು ಅನ್ನೋದರ ಮೇಲೆ ನಿಂತಿದೆ. ತಲೆಬುರುಡೆ ಒಡೆದಿದ್ದರೆ, ಮಿದುಳಲ್ಲಿ ರಕ್ತಸ್ರಾವ ಆಗಿದ್ದರೆ, ತುಂಬಾ ಹೊತ್ತು ಪ್ರಜ್ಞೆ ಇಲ್ಲದಿದ್ದರೆ ಅಪಾಯ ಬಹಳ ಹೆಚ್ಚು. ಐದು ಹೊಲಿಗೆಯ ಪೆಟ್ಟಿಗೆ ಕಡಿಮೆ. ಎಂಆರ್‌ಐನಲ್ಲಿ ಸ್ಪಷ್ಟವಾದ ಗಾಯದ ಗುರುತು ಕಾಣಲಿಲ್ಲ. ಕಾಣಲಿಲ್ಲ ಅಂದ ಮಾತ್ರಕ್ಕೆ ಇರಲೇ ಇಲ್ಲ ಅಂತಲೂ ಹೇಳೋಕಾಗಲ್ಲ. ಇಇಜಿಯೂ ಸಹಜವಾಗಿತ್ತು. ಮೂರ್ಛೆ ರೋಗ ಇರೋ ಎಷ್ಟೋ ಜನರಿಗೆ ಫಿಟ್ಸ್ ಇಲ್ಲದ ಹೊತ್ತಲ್ಲಿ ಇಇಜಿ ಸಹಜವಾಗೇ ಬರುತ್ತೆ.

ಮೂರನೆಯದು ನಿದ್ದೆ. ನಿದ್ದೆಗೆಡೋದು ಫಿಟ್ಸ್ ಬರೋ ಪ್ರವೃತ್ತಿ ಇರುವವರಲ್ಲಿ ಅದನ್ನ ಕೆರಳಿಸುತ್ತೆ ಅನ್ನೋದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರೋ ವಿಷಯ. ಚಿಕ್ಕಪ್ಪನಿಗೆ ಮೊದಲ ಸಲ ಬಂದದ್ದು ರಾತ್ರಿ ಪಹರೆಯ ನಂತರ. ಅದು ಬೋರ್ಡಿನ ಹಾಳೆಯಲ್ಲೇ ಇತ್ತು.

ಕೊನೆಗೆ ಅವರು ಬರೆದುಕೊಟ್ಟ ಅಭಿಪ್ರಾಯದ ತಿರುಳು: ಕಾರಣ ಇದೇ ಅಂತ ಖಚಿತವಾಗಿ ಹೇಳಲಾಗದು, ಹುಟ್ಟಿನಿಂದ ಬಂದದ್ದು ಅನ್ನೋಕೂ ಆಧಾರ ಇಲ್ಲ, ಸೇವೆಯ ಸ್ಥಿತಿಗತಿಯಿಂದ ಕಾಯಿಲೆ ಹೊರಬಂದಿರುವ ಅಥವಾ ಹೆಚ್ಚಾಗಿರುವ ಸಾಧ್ಯತೆಯನ್ನ ತಳ್ಳಿಹಾಕಲಾಗದು.

ನನಗೆ ನಿರಾಸೆ ಆಯ್ತು. ‘ಇದರಲ್ಲಿ ಏನೂ ಸಾಬೀತೇ ಆಗಿಲ್ವಲ್ಲ ಸರ್’ ಅಂತ ವಕೀಲರಿಗೆ ಹೇಳಿದೆ. ಅವರು ನಕ್ಕು, ‘ಅದೇ ನಮಗೆ ಬೇಕಾದ್ದು’ ಅಂದ್ರು. ‘ಇಪ್ಪತ್ತು ವರ್ಷದ ಮೇಲೆ ಯಾವ ಡಾಕ್ಟರಾದರೂ ಖಚಿತವಾಗಿ ಬರೆದುಕೊಟ್ಟರೆ ಕೋರ್ಟ್ ನಂಬೋದಿಲ್ಲ. ಎರಡೂ ಕಡೆ ತೂಕ ಸಮ ಇದೆ. ಸಮ ಇದ್ದಾಗ ತಕ್ಕಡಿ ಯಾವ ಕಡೆ ವಾಲಬೇಕು ಅಂತ ನಿಯಮ ಮೊದಲೇ ಹೇಳಿದೆ.’

ಇಡೀ ಓಡಾಟದಲ್ಲಿ ನಾನು ಕಲಿತದ್ದು ಇದನ್ನೇ. ವೈದ್ಯಕೀಯ ಸಾಕ್ಷ್ಯ ಅಂದರೆ ನಮ್ಮ ಪರವಾಗಿ ಕೂಗುವ ಕಾಗದ ಅಂದುಕೊಂಡಿದ್ದೆ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರೆದ ಪ್ರಾಮಾಣಿಕ ಅಭಿಪ್ರಾಯಕ್ಕೆ ಅದಕ್ಕಿಂತ ಹೆಚ್ಚು ತೂಕ. ಸಂಶಯದ ಲಾಭ ಕೇಳೋರು ಸಂಶಯದ ಎರಡೂ ಮುಖ ತೋರಿಸಬೇಕು.

ಕೊಚ್ಚಿಯ ದಾರಿ

ತಿರಸ್ಕಾರದ ಕಾಗದ ಬಂದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಅದೂ ತಿರಸ್ಕಾರ ಆದರೆ ಎರಡನೇ ಮೇಲ್ಮನವಿ ಸಮಿತಿ. ಅದಾದ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ಹುಟ್ಟಿದ ಈ ಮಂಡಳಿಯಲ್ಲಿ ಒಬ್ಬರು ನ್ಯಾಯಾಂಗದಿಂದ, ಇನ್ನೊಬ್ಬರು ಸೇನೆಯ ಹಿರಿಯ ಅಧಿಕಾರಿಗಳಾಗಿದ್ದವರು ಕೂತು ವಿಚಾರಣೆ ಮಾಡ್ತಾರೆ. ಕರ್ನಾಟಕದವರಿಗೆ ಕೊಚ್ಚಿಯ ಪೀಠ.

ನಮ್ಮ ಮೊದಲ ಮೇಲ್ಮನವಿ ‘ಬಹಳ ತಡ’ ಅಂತ ವಾಪಸ್ ಬಂತು. ಅಷ್ಟರಲ್ಲಿ ಕೋವಿಡ್. 2021ರಲ್ಲಿ ಮಂಡಳಿಗೆ ಅರ್ಜಿ ಹೋಯ್ತು. ತಡವಾದದ್ದಕ್ಕೆ ಸಂವಿಧಾನದ ಕಥೆಯನ್ನೇ ಪ್ರಮಾಣಪತ್ರದಲ್ಲಿ ಬರೆದೆವು. ಪಿಂಚಣಿ ಪ್ರತಿ ತಿಂಗಳೂ ಹುಟ್ಟುವ ಹಕ್ಕು, ಹಾಗಾಗಿ ತಡವಾಯ್ತು ಅಂತ ಬಾಗಿಲು ಪೂರ್ತಿ ಮುಚ್ಚೋದಿಲ್ಲ. ಆದರೆ 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವಂತೆ, ಇಂಥ ತಡವಾದ ಕೇಸುಗಳಲ್ಲಿ ಹಿಂಬಾಕಿ ಸಿಗೋದು ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ.

ಸರ್ಕಾರದ ಕಡೆಯವರು ಸುಮ್ಮನೆ ಕೂರಲಿಲ್ಲ. ಬಾಲ್ಯದ ಫಿಟ್ಸನ್ನ ಅರ್ಜಿದಾರನೇ ಒಪ್ಪಿಕೊಂಡಿದ್ದಾನೆ ಅಂತ ಬರೆದರು. ನರಸಿಂಗ್ ಯಾದವ್ ಪ್ರಕರಣದ ತೀರ್ಪನ್ನೂ ಮುಂದಿಟ್ಟರು. 2019ರ ಅಕ್ಟೋಬರಿನ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮಾನಸಿಕ ಕಾಯಿಲೆಯಿಂದ ಹೊರಬಂದ ಸೈನಿಕರೊಬ್ಬರಿಗೆ ಪಿಂಚಣಿ ನಿರಾಕರಿಸಿತ್ತು. ಸೇರುವಾಗ ಕಾಯಿಲೆ ಪತ್ತೆಯಾಗಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಅದು ಸೇವೆಯಿಂದ ಬಂದದ್ದು ಅಂತ ತಾನಾಗೇ ಆಗಿಬಿಡೋದಿಲ್ಲ ಅಂತ ಹೇಳಿತ್ತು. ಅದನ್ನ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಧರಂವೀರ್ ಸಿಂಗ್ ಗೆದ್ದ ಮೇಲೆ ಎಲ್ಲರೂ ಗೆಲ್ಲುತ್ತಾರೆ ಅನ್ನೋದು ಸುಳ್ಳು. ಕಾಯಿಲೆ ಯಾವುದು, ಬೋರ್ಡ್ ಏನು ಬರೆದಿದೆ, ಕಾರಣ ಕೊಟ್ಟಿದೆಯಾ, ಒಂದೊಂದು ಕೇಸನ್ನೂ ಬಿಡಿಸಿ ನೋಡ್ತಾರೆ.

ನಮ್ಮ ವಕೀಲರ ಉತ್ತರ ಚಿಕ್ಕದಿತ್ತು. ಬಾಲ್ಯದ ವಿಷಯವನ್ನ ನಾವೇ ಹೇಳಿದ್ದೇವೆ, ತಜ್ಞರು ಅದನ್ನೂ ತೂಗಿ ನೋಡಿಯೇ ಅಭಿಪ್ರಾಯ ಕೊಟ್ಟಿದ್ದಾರೆ. 1997ರ ಬೋರ್ಡ್ ಯಾವುದನ್ನ ತೂಗಿತು? ಅದಕ್ಕೆ ಬಾಲ್ಯದ ಜ್ವರವೂ ಗೊತ್ತಿರಲಿಲ್ಲ, ತಲೆಯ ಪೆಟ್ಟೂ ಗೊತ್ತಿರಲಿಲ್ಲ. ಹಾಗಿದ್ದ ಮೇಲೆ ‘ದೇಹಪ್ರಕೃತಿ’ ಅಂತ ಯಾವ ಆಧಾರದ ಮೇಲೆ ಬರೆಯಿತು?

2023ರಲ್ಲಿ ಆದೇಶ ಬಂತು. ಬೋರ್ಡ್ ಕಾರಣ ಕೊಟ್ಟಿಲ್ಲ, ಸಂಶಯದ ಲಾಭ ಅರ್ಜಿದಾರನಿಗೆ. ಅಂಗವೈಕಲ್ಯ ಶೇಕಡ 20. ಅದನ್ನ ನಿಯಮದಂತೆ ಶೇಕಡ 50ಕ್ಕೆ ಏರಿಸಿ ಪಿಂಚಣಿ ಕೊಡಬೇಕು. ಹಿಂಬಾಕಿ 2018ರಿಂದ.

1997ರಿಂದ 2018ರವರೆಗಿನ 21 ವರ್ಷ ಹೋಯಿತು. ‘ಲೆಕ್ಕ ಹಾಕ್ಬೇಡ’ ಅಂದ್ರು ಚಿಕ್ಕಪ್ಪ. ನಾನು ಹಾಕಿದೆ. ಆ ಅಂಕಿಯನ್ನ ಅವರಿಗೆ ಇವತ್ತಿಗೂ ಹೇಳಿಲ್ಲ.

ನಿಮ್ಮ ಮನೆಯಲ್ಲೂ ಒಂದು ಟ್ರಂಕ್ ಇದ್ದರೆ

ಈ ಲೇಖನ ಬರೆಯೋಕೆ ಕಾರಣ ನನ್ನ ಆಫೀಸಿನ ಗೆಳೆಯರು. ‘ನಮ್ಮ ಮಾವನೂ ಹಂಗೇ ಬಂದ್ರು ಕಣೆ’, ‘ನಮ್ಮ ತಾತನ ಕಾಗದ ಎಲ್ಲೋ ಇದೆ’ ಅಂತ ನಾಲ್ಕಾರು ಜನ ಹೇಳಿದ್ರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

ಮೊದಲು ಮೆಡಿಕಲ್ ಬೋರ್ಡಿನ ಹಾಳೆ ತೆಗೆದು ಕಾರಣದ ಕಾಲಂ ಓದಿ. ಅಲ್ಲಿ ಒಂದು ಪದ ಇದೆಯಾ, ಒಂದು ವಿವರಣೆ ಇದೆಯಾ ನೋಡಿ. ಇಡೀ ಕೇಸು ಅಲ್ಲೇ ಇರುತ್ತೆ.

ಕಾಗದ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಸೇರುವಾಗಿನ ವೈದ್ಯಕೀಯ ವರದಿಯನ್ನೂ ಮರೆಯದೆ ಕೇಳಿ. ಹಳೇ ಪತ್ರ, ಫೋಟೊ, ಊರಿನ ಡಾಕ್ಟರ ಚೀಟಿ ಯಾವುದನ್ನೂ ಎಸೆಯಬೇಡಿ. ಲಕೋಟೆಯನ್ನೂ ಇಟ್ಟುಕೊಳ್ಳಿ, ತಾರೀಕು ಇರೋದು ಅದರ ಮೇಲೆ.

ಈಗಿನ ಡಾಕ್ಟರಿಗೆ ಎಲ್ಲವನ್ನೂ ಹೇಳಿ, ವಿರುದ್ಧ ಇರೋದನ್ನೂ ಸೇರಿಸಿ. ‘ನಮ್ಮ ಪರ ಬರೆದುಕೊಡಿ’ ಅಂತ ಕೇಳಬೇಡಿ. ‘ಇದನ್ನೆಲ್ಲಾ ತೂಗಿ ನಿಮಗೆ ಅನ್ನಿಸಿದ್ದನ್ನ ಕಾರಣ ಸಮೇತ ಬರೆಯಿರಿ’ ಅಂತ ಕೇಳಿ.

ಯಾವ ವರ್ಷ ಸೇವೆಯಿಂದ ಹೊರಬಂದರು ಅನ್ನೋದು ಮುಖ್ಯ. 1982ರ ನಿಯಮಗಳ ನಂತರ 2008ರಲ್ಲಿ ಹೊಸವು ಬಂದವು, 2023ರ ಸೆಪ್ಟೆಂಬರ್ 21ರಿಂದ ಮತ್ತೆ ಬದಲಾಗಿವೆ. ಮೇಲೆ ಹೇಳಿದ ಮೂರು ಮಾತು ಎಲ್ಲರಿಗೂ ಹಾಗೇ ಅನ್ವಯ ಆಗೋದಿಲ್ಲ.

ತಡ ಆಯ್ತು ಅಂತ ಕೈ ಬಿಡಬೇಡಿ. ಸಿಯಾಚಿನ್‌ನಲ್ಲಿ ಕೆಲಸ ಮಾಡಿ, ಫಿಟ್ಸ್ ಬಂದು 1989ರಲ್ಲಿ ಹೊರಬಂದ ಬಿಜೇಂದರ್ ಸಿಂಗ್ ಅವರಿಗೆ ಸುಪ್ರೀಂ ಕೋರ್ಟಿನಲ್ಲಿ ನ್ಯಾಯ ಸಿಕ್ಕಿದ್ದು 2025ರಲ್ಲಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಸೈನಿಕರ ಕುಟುಂಬಗಳಿಗೆಂದೇ ನಾಲ್ಸಾ 2025ರಲ್ಲಿ ‘ವೀರ ಪರಿವಾರ ಸಹಾಯತಾ ಯೋಜನೆ’ಯನ್ನೂ ಶುರು ಮಾಡಿದೆ.

ಮತ್ತೆ, ಇದನ್ನ ಕಾಯಿಲೆಯವರ ಮನೆಯವರಿಗೆ: ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಇಡೋದರಿಂದ, ಬಾಯಿಗೆ ಚಮಚ ತುರುಕೋದರಿಂದ ಏನೂ ಉಪಯೋಗ ಇಲ್ಲ. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ, ಐದು ನಿಮಿಷಕ್ಕೂ ಹೆಚ್ಚಾದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಹ್ಯಾಂಡ್‌ಪೋಸ್ಟಿನ ಆಟೊದವರಿಗೆಲ್ಲಾ ಈಗ ಇದು ಗೊತ್ತು. ಚಿಕ್ಕಪ್ಪನೇ ಹೇಳಿಕೊಟ್ಟಿದ್ದಾರೆ.

ಆದೇಶದ ಪ್ರತಿ ಬಂದ ದಿನ

ಆದೇಶವನ್ನ ಪ್ರಿಂಟ್ ತೆಗೆಸಿಕೊಂಡು ಊರಿಗೆ ಹೋದೆ. ಅಜ್ಜಿ ಹತ್ತಿರ ಕೂತು ಕನ್ನಡದಲ್ಲಿ ಹೇಳ್ತಾ ಹೋದೆ. ಅವರಿಗೆ ದುಡ್ಡಿನ ವಿಷಯ ಬೇಕಿರಲಿಲ್ಲ.

‘ನಾನು ಏಳಿದ್ದನ್ನೂ ಬರ್ಕಂಡವ್ರಾ?’ ಅಂತ ಕೇಳಿದ್ರು.

ಬರ್ಕೊಂಡಿದ್ದಾರೆ ಅಂದೆ. ಎರಡನೇ ವಯಸ್ಸಿನ ಜ್ವರದ ಬಗ್ಗೆ ಒಂದು ಪ್ಯಾರಾ ಇತ್ತು. ಅದು ಈ ಕಾಯಿಲೆಗೆ ಕಾರಣ ಅನ್ನೋಕೆ ಆಧಾರ ಇಲ್ಲ ಅಂತಿತ್ತು. ಅದನ್ನ ಎರಡು ಸಲ ಓದಿ ಹೇಳಿಸಿಕೊಂಡರು. 50 ವರ್ಷದಿಂದ ಅವರು ಮಗನ ಕಾಯಿಲೆಗೆ ತಾನೇ ಕಾರಣ ಅಂದುಕೊಂಡಿದ್ದರು ಅಂತ ನನಗೆ ಗೊತ್ತಾದದ್ದೇ ಆಗ. ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ಅಂಗಾರೆ ಆ ಸಂವಿಧಾನದ್ದು?’ ಅಂದ್ರು.

ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ ನಕ್ಕರು.

‘ಅದು ಮೊದ್ಲಿಂದ್ಲೂ ನಮ್ ಕಡೇನೇ ಇತ್ತಂತೆ ಕನವ್ವ.’